ಎಡ ರೆಕ್ಕೆಗೆ ಬಲ ರೆಕ್ಕೆಯ ಚೀಟಿ

ಆ ಶುಕ್ರವಾರ ತೆರೆಸಾಳ ಕಣ್ಣಲ್ಲಿ ಹೊತ್ತಿಕೊಂಡ ಬೆಂಕಿಗೆ ಹೋಲಿಸಿದರೆ, ಕುವೈತಿನ ಎಣ್ಣೆಬಾವಿಗಳಲ್ಲಿ ತಿಂಗಳುಗಟ್ಟಲೆ ಉರಿದದ್ದು ಬರೀ ಊದುಬತ್ತಿ!

ಬಾವಿಗಳನ್ನು ಆರಿಸಲು ದೇಶದೇಶಗಳಿಂದ ಜನ ಬಂದಿದ್ದರು. ಇವಳ ಬೆಂಕಿಗೆ ಕಾರಣನಾದವನು ಮಾತ್ರ ಒಂದು ಹಳೇ ಯುದ್ಧವಿಮಾನದ ಹೊಟ್ಟೆಯಡಿಯಿಂದ ಅಂಗಾತ ಜಾರುತ್ತಾ ಹೊರಗೆ ಬಂದ. ಮೈಯೆಲ್ಲ ಗ್ರೀಸು. ಕೈಯಲ್ಲಿ ಸ್ಪ್ಯಾನರು.

ಯಶೋಧರ!

ಅವನೂ ನೋಡಿದ. ಸ್ಪ್ಯಾನರು ಕೈಯಿಂದ ಜಾರಿ ಅವನದೇ ಕಾಲ ಮೇಲೆ ಬಿತ್ತು. 'ಅಯ್ಯೋ' ಎನ್ನಬೇಕಾದವನು ಹಲ್ಲು ಕಚ್ಚಿ ನಿಂತ. ಈ ಹೆಂಗಸಿನ ಮುಂದೆ ನೋವು ತೋರಿಸುವುದೇ?

"ಓಹೋ, ನೀವಾ ಮೇಡಂ! ಊರಿಂದ ವಾಪಸ್ ಬರ್ಲಿಕ್ಕೆ ಬಸ್ಸು ಸಿಕ್ಕಿತಾ?"

"ಸಿಕ್ಕಿತು. ಕೆಲವರ ಹಾಗೆ ಹೇಳದೆ ಕೇಳದೆ ಓಡಿ ಹೋಗುವವಳಲ್ಲ ನಾನು."

"ಓಡಿ ಹೋದದ್ದು ಯಾರು ಅಂತ ಇಡೀ ಕುವೈತಿಗೆ ಗೊತ್ತುಂಟು!"

'ನಾಚಿಕೆಗೆಟ್ಟವನು... ಮೋಸ ಮಾಡಿದ್ದಲ್ಲದೆ ನಾಲಗೆ ಬೇರೆ!' ತೆರೆಸಾ ಒಳಗೊಳಗೇ ಕುದಿದಳು.

ಅವಳ ಕುದಿತಕ್ಕೆ ಹದಿನೈದು ತಿಂಗಳಾಗಿತ್ತು. ತೊಂಬತ್ತರ ಸೆಪ್ಟೆಂಬರು. ಇರಾಕಿ ಸೈನ್ಯ ಕುವೈತನ್ನು ನುಂಗಿತ್ತು, ಫೋನುಗಳು ಸತ್ತಿದ್ದವು. ನಮ್ಮ ಕರಾವಳಿಯವರೆಲ್ಲ ತಮ್ಮ ತಮ್ಮ ಭಾಷೆಯವರ ಜೊತೆ ಬಸ್ಸು ಹಿಡಿದು ಜೋರ್ಡಾನಿನ ಕಡೆ ಹೊರಟಿದ್ದರು. ಪ್ರೀತಿಸುತ್ತಿದ್ದ ಈ ಇಬ್ಬರ ನಡುವೆ ಮೊದಲೇ ಮಾತಾಗಿತ್ತು: ಏನೇ ಬರಲಿ, ಒಂದೇ ಬಸ್ಸಿನಲ್ಲಿ ಹೋಗುವುದು. ತೆರೆಸಾ ಮೈದಾನ್ ಹವಲ್ಲಿ ಎಂಬ ಬಡಾವಣೆಯಿಂದ ಹೊರಡುವ ಬಸ್ಸಿನ ಮುಂದೆ ಆರು ತಾಸು ನಿಂತಳು. ಅವನು ಬರಲಿಲ್ಲ. ಅವನ ನೆರೆಮನೆಯ ಅಪ್ಪಿ ಅಕ್ಕ ಹೇಳಿದ್ದಿಷ್ಟು: "ಯಶೋಧರನಾ? ಅವ ಬೆಳಿಗ್ಗೆಯೇ ಬ್ಯಾಗು ಹಿಡ್ಕೊಂಡು ಬೇರೆ ಬಸ್ಸಿಗೆ ಹೋದ ಮಾರಾಯ್ತಿ."

ಬೇರೆ ಬಸ್ಸು... ಯಾರ ಜೊತೆ?!

ಜೋರ್ಡಾನಿನ ಅಮ್ಮಾನಿನಲ್ಲಿ, ನಿರಾಶ್ರಿತರ ಡೇರೆಯಲ್ಲಿ ಅವಳು ಹಲ್ಲು ಕಡಿದ ಸದ್ದಿಗೆ ಅಕ್ಕಪಕ್ಕದ ನಲವತ್ತು ಡೇರೆಗಳ ಮಕ್ಕಳು ಎದ್ದು ಕೂತು ಅತ್ತವಂತೆ. ಅಲ್ಲೇ ಶಪಥ ಮಾಡಿದ್ದಳು. ಹತ್ತು ಜನರ ಮುಂದೆ ಅವನ ಮೂಗು ಮಣ್ಣಿಗೆ ತಾಗಬೇಕು. ಅಲ್ಲಿಯವರೆಗೆ ಅವನಿಗಾಗಿ ಒಂದು ಹನಿ ಕಣ್ಣೀರಿಲ್ಲ!

"ತೆರೆಸಾ ಬಾಯಿ, ಬನ್ನಿ ಬನ್ನಿ!" ಸೇಸಪ್ಪಣ್ಣ ಅವಸರದಿಂದ ಬಂದ. ಶುವೈಖಿನ ಗ್ಯಾರೇಜುಗಳಿಗೆಲ್ಲ ಹಿರಿಯ ಮೆಕ್ಯಾನಿಕ್ ಅವನು. ಎಂಜಿನ್ನಿನ ಕೆಮ್ಮು ಕೇಳಿಯೇ ಅದರ ಅಜ್ಜನ ಕಾಯಿಲೆ ಹೇಳುವಂಥವನು.

ಶುವೈಖಿನ ಒಂದು ಶಾಲೆಯ ಅಂಗಳದಲ್ಲಿ ಆ ನಿವೃತ್ತ ಜೆಟ್ಟು ವರ್ಷಗಟ್ಟಲೆ ನಿಂತಿತ್ತು. ಯುದ್ಧದಲ್ಲಿ ಗುಂಡು ತಿಂದು ಜರಡಿಯಾಗಿದ್ದರೂ ಮೂಗು ಮೇಲೆತ್ತಿಕೊಂಡೇ ಇತ್ತು. ಈಗ ಅಲ್ಲಿ ಹೊಸ ಕಟ್ಟಡ ಏಳಬೇಕು. ಶನಿವಾರ ಬೆಳಿಗ್ಗೆ ಗುಜರಿಯವರು ಬಂದು ಗ್ಯಾಸಿನಲ್ಲಿ ಕತ್ತರಿಸುತ್ತಾರೆಂದು ತಿಳಿದದ್ದೇ ತಡ, ಅದನ್ನು ಉಳಿಸಲು ಸೇಸಪ್ಪಣ್ಣ ಹದಿನಾಲ್ಕು ಜನರನ್ನು ಕೂಡಿಸಿದ್ದ. ಸಂಬಳವಿಲ್ಲ. ಬಿರಿಯಾನಿ ಉಂಟು. ವಾಯುಪಡೆಯಲ್ಲಿ ಇದೇ ವಿಮಾನ ನೋಡಿಕೊಂಡಿದ್ದ ಮುದುಕ ಅಬೂ ನಾಸರ್ ಫರ್ವಾನಿಯಾದ ತನ್ನ ಖಾಲಿ ಜಾಗವನ್ನೇ ಬಿಟ್ಟುಕೊಟ್ಟಿದ್ದ.

"ರೆಕ್ಕೆ ಕಳಚಿ ಸಾಗಿಸುದು, ಬರುವ ಶುಕ್ರವಾರ ಅಲ್ಲಿ ಜೋಡಿಸುದು," ಸೇಸಪ್ಪಣ್ಣ ವಿವರಿಸಿದ. "ಪ್ರತಿ ಬೋಲ್ಟಿಗೆ ಒಂದು ಬಟ್ಟೆ ಚೀಟಿ. ಎಡವಾ, ಬಲವಾ, ಎಷ್ಟನೇ ನಂಬರು, ಬಿಚ್ಚಿದವನ ಹೆಸರು. ಬಿಚ್ಚಿದವನೇ ಜೋಡಿಸಬೇಕು, ಅದು ನಮ್ಮ ಕಾನೂನು. ಇವರ ಕೈಬರಹ ಕೋಳಿ ಕೆದಕಿದ ಹಾಗೆ. ನೀವು ಆಫೀಸಿನವರು, ನೀವೇ ಬರೀಬೇಕು."

"ರೆಕ್ಕೆಯನ್ನು ಹಿಡಿದಿರುವ ಆ ದಪ್ಪ ಪಿನ್ನು ಯಾರು ಬಿಚ್ಚುದು?"

"ಯಶೋಧರ. ಅವನ ಕೈ ಚಿನ್ನ!"

ತೆರೆಸಾ ನಕ್ಕಳು. ಆ ನಗುವನ್ನು ಕಂಡಿದ್ದರೆ ಮರುಭೂಮಿಯ ಚೇಳುಗಳು ಕೊಂಡಿ ಮಡಚಿ ಶರಣಾಗುತ್ತಿದ್ದವು.

ಯಶೋಧರನೂ ಸುಮ್ಮನಿರಲಿಲ್ಲ. ಒಂದೊಂದು ಬೋಲ್ಟನ್ನೂ ಗ್ರೀಸಿನಲ್ಲಿ ಅದ್ದಿ ಅದ್ದಿ ಅವಳ ಬಿಳಿ ಚೂಡಿದಾರದ ಮಡಿಲಿಗೇ ಹಾಕಿದ.

"ಅಕ್ಷರ ಮುತ್ತಿನ ಹಾಗೆ ಉಂಟು ಮೇಡಂ. ಆಡಿದ ಮಾತಿಗೆ ನಿಲ್ಲುವ ಅಭ್ಯಾಸ ಮಾತ್ರ ಇಲ್ಲ, ಪಾಪ."

"ನೀವು ನಿಮ್ಮ ಬೋಲ್ಟು ನೋಡ್ಕೊಳ್ಳಿ. ತಲೆಯಲ್ಲಿ ಎರಡು ಕಡಿಮೆ ಉಂಟು."

ಹದಿನಾಲ್ಕು ಜನ ಬಿರಿಯಾನಿ ಮರೆತು ಇವರನ್ನೇ ನೋಡುತ್ತಿದ್ದರು.

ಸಂಜೆ ಎಲ್ಲರೂ ಟ್ರೇಲರಿಗೆ ಹಗ್ಗ ಬಿಗಿಯುತ್ತಿದ್ದಾಗ ತೆರೆಸಾ ರೆಕ್ಕೆಯ ದಪ್ಪ ಪಿನ್ನುಗಳ ಚೀಟಿ ಬಿಚ್ಚಿದಳು. ನೋಡಲು ಒಂದೇ ಥರದ ಪಿನ್ನುಗಳು. ಆದರೆ ಸವೆದು ಸವೆದು ಒಂದೊಂದೂ ತನ್ನ ತೂತಿಗೆ ಮಾತ್ರ ಒಗ್ಗುವಂಥವು. ಎಡಕ್ಕೆ ಬಲದ ಚೀಟಿ. ಬಲಕ್ಕೆ ಎಡದ ಚೀಟಿ. ಗಂಟು ಬಿಗಿಯಾಯಿತು.

'ಎಲ್ಲರೆದುರು ಬೆವರು ಸುರಿಸು, ಚಿನ್ನದ ಕೈಯವನೇ...'

ಮುಂದಿನ ಶುಕ್ರವಾರ. ಫರ್ವಾನಿಯಾದ ಆ ಬಯಲಿಗೆ ಅರ್ಧ ಕುವೈತೇ ಬಂದು ನೆರೆದಿತ್ತು ಎಂದರೂ ಸಲ್ಲುತ್ತದೆ. ಕ್ರೇನು ಎಡ ರೆಕ್ಕೆಯನ್ನು ಎತ್ತಿ ಹಿಡಿಯಿತು. ಯಶೋಧರ ರೆಕ್ಕೆಯ ಅಡಿಗೆ ನುಗ್ಗಿ, ಹೆಗಲು ಕೊಟ್ಟು, ಪಿನ್ನು ಇಟ್ಟ. ಹೋಗಲಿಲ್ಲ. ತಿರುಗಿಸಿದ. ಹೋಗಲಿಲ್ಲ. ಸುತ್ತಿಗೆಯಿಂದ ಬಡಿದ.

"ಎಂತ ಮಾರಾಯಾ, ಚಿನ್ನದ ಕೈಗೆ ತುಕ್ಕು ಹಿಡಿಯಿತಾ?" ಯಾರೋ ಕೂಗಿದರು. ಎಲ್ಲರೂ ನಕ್ಕರು. ಯಶೋಧರನ ಮುಖ ಕೆಂಪಾಯಿತು.

ಇದೇ ಕ್ಷಣಕ್ಕಾಗಿ ಅವಳು ಹದಿನೈದು ತಿಂಗಳು ಕಾದಿದ್ದಳು. ಆದರೆ... ಎದೆ ಯಾಕೆ ತಣ್ಣಗಾಗುತ್ತಿಲ್ಲ?

"ಹೊರಗೆ ಬಾ ಯಶೋಧರ, ಇನ್ನೊಬ್ಬ ನೋಡ್ಲಿ!" ಸೇಸಪ್ಪಣ್ಣ ಕರೆದ.

"ಬಿಚ್ಚಿದ್ದು ನಾನು. ನಾನೇ ಜೋಡಿಸ್ತೇನೆ!" ಹಟಮಾರಿ ಇನ್ನೂ ಒಳಗೆ ನುಸುಳಿದ.

ಕಿರ್ರ್... ಕ್ರೇನಿನ ತಂತಿಹಗ್ಗ ನರಳಿತು. ರೆಕ್ಕೆ ಒಂದು ಗೇಣು ಜಾರಿ ನಿಂತಿತು. ಅದರ ಅಡಿಯಲ್ಲಿ ಅವನ ಕುತ್ತಿಗೆ!

"ಯಶೂ...! ಹೊರಗೆ ಬಾ! ಚೀಟಿ ಬದಲಿಸಿದ್ದು ನಾನು! ಸಾಯ್ತೀ ಮಾರಾಯಾ, ಬಾ!"

ಆ ಕೂಗಿಗೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ವಿಮಾನವೂ ಮತ್ತೆ ಮೇಲೇರಿತು ಎನ್ನುತ್ತಾರೆ. ಕ್ರೇನಿನವನು ರೆಕ್ಕೆ ಎತ್ತಿದ. ಯಶೋಧರ ತೆವಳಿಕೊಂಡು ಬಂದು ಅವಳೆದುರು ನಿಂತ. ಹದಿನಾಲ್ಕು ಜನರ ಬಾಯಿ ತೆರೆದೇ ಇತ್ತು.

"ನನ್ನನ್ನು ಕೊಲ್ಲುವಷ್ಟು ಸಿಟ್ಟಾ? ಮೋಸ ಮಾಡಿದ್ದು ನೀನು, ಶಿಕ್ಷೆ ನನಗಾ?"

"ನಾನು ಮೋಸ ಮಾಡಿದ್ದಾ? ಮೈದಾನ್ ಹವಲ್ಲಿಯಲ್ಲಿ ಆರು ತಾಸು ಬಿಸಿಲಲ್ಲಿ ನಿಂತವಳು ಯಾರು? ಎಲ್ಲಿದ್ದಿ ಆಗ?"

ಯಶೋಧರ ಕಣ್ಣು ಕಿರಿದಾಗಿಸಿದ.

"ಮೈದಾನ್ ಹವಲ್ಲಿಯಾ...? ಅದು ನಮ್ಮ ತುಳುವರ ಬಸ್ಸಲ್ವಾ? ನೀನು ಅಲ್ಲಿ ಎಂತಕ್ಕೆ?"

"ಮತ್ತೆಲ್ಲಿಗೆ ಹೋಗುದು? ನೀನು ನಿನ್ನ ಜನರನ್ನು ಬಿಟ್ಟು ಬರುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ನಾನೇ ನನ್ನವರನ್ನು ಬಿಟ್ಟು ಬಂದೆ!"

ಅವನು ಒಂದು ಹೆಜ್ಜೆ ಮುಂದೆ ಬಂದ.

"ನಾನು... ನಾನು ಚರ್ಚಿನ ಮುಂದೆ ಇದ್ದೆ, ತೆರೆಸಾ. ನಿಮ್ಮ ಕೊಂಕಣಿಯವರ ಬಸ್ಸಿನ ಹತ್ತಿರ. ನೀನು ನಿನ್ನವರನ್ನು ಬಿಟ್ಟು ಬರುದಿಲ್ಲ ಅಂತ... ಡೋಲ್ಫಿ ಬಾಪ್ಪು ಹೇಳಿದ್ರು, ಅವಳು ಬೆಳಿಗ್ಗೆಯೇ ಬೇರೆ ಬಸ್ಸಿಗೆ ಹೋದಳು ಅಂತ."

ಡೋಲ್ಫಿ ಬಾಪ್ಪು ಎಂದರೆ ತೆರೆಸಾಳ ಚಿಕ್ಕಪ್ಪ. ಅವನು ಹೇಳಿದ್ದೂ ನಿಜ. ಅಪ್ಪಿ ಅಕ್ಕ ಹೇಳಿದ್ದೂ ನಿಜ. ಒಬ್ಬರಿಗಾಗಿ ಒಬ್ಬರು ತಮ್ಮ ತಮ್ಮ ಜನರನ್ನು ಬಿಟ್ಟಿದ್ದರು... ಹಾಗಾಗಿಯೇ ಒಬ್ಬರಿಗೊಬ್ಬರು ಸಿಗಲಿಲ್ಲ!

"ಮತ್ತೆ ಯಾವ ಬಸ್ಸಿಗೆ ಹತ್ತಿದಿ?" ಅವಳು ಕೇಳಿದಳು.

"ಯಾವುದಕ್ಕೂ ಇಲ್ಲ. ನೀನಿಲ್ಲದ ಬಸ್ಸು ಎಂತಕ್ಕೆ? ಸಿಟ್ಟಲ್ಲಿ ಇಲ್ಲೇ ಉಳಿದೆ."

"ಇಡೀ ಯುದ್ಧ...?"

"ಹ್ಞೂಂ. ಬಾಂಬಿಗೆ ಹೆದರಿಕೆ ಆಗ್ಲಿಲ್ಲ. ನಿನಗೆ ಬೈತಾ ಇದ್ದೆ, ಹೊತ್ತು ಹೋಯಿತು."

ಹದಿನೈದು ತಿಂಗಳು ತಡೆದಿದ್ದ ಕಣ್ಣೀರು ಆ ಬಯಲಿನಲ್ಲಿ ಹರಿದ ಪರಿ ನೋಡಿ, ನೆಲದಲ್ಲಿ ಹೊಸ ಬಾವಿಯೇ ಒಡೆಯಿತೆಂದು ಜನ ತಿಳಿದರು.

"ಯಲ್ಲಾ, ಯಲ್ಲಾ! ಬೇಗ!" ಕ್ರೇನಿನವನು ಮೇಲಿನಿಂದ ಚೀರಿದ. "ಪ್ರೀತಿ ಆಮೇಲೆ! ರೆಕ್ಕೆ ನನ್ನ ಕೈಯಲ್ಲಿದೆ!"

ಸೇಸಪ್ಪಣ್ಣ ಮೂಗೊರೆಸಿಕೊಂಡು ಚೀಟಿಗಳನ್ನು ಕಿತ್ತು ಸರಿಮಾಡಿದ. ಈ ಸಲ ಪಿನ್ನು ಬೆಣ್ಣೆಯಲ್ಲಿ ಬೆರಳು ಹೋದಂತೆ ಹೋಯಿತು. ಅಬೂ ನಾಸರ್ ತನ್ನ ವಿಮಾನದ ಮೂಗನ್ನು ಮುದ್ದಿಸಿ ಅತ್ತೇಬಿಟ್ಟ.

ಜನ ಬಿರಿಯಾನಿಯ ಕಡೆ ನಡೆದಾಗ ಇಬ್ಬರೂ ರೆಕ್ಕೆಯ ನೆರಳಲ್ಲಿ ಕೂತರು.

"ಸುಮ್ಮನಿದ್ದಿದ್ರೆ ನಿನ್ನ ಸೇಡು ತೀರ್ತಿತ್ತು. ಕೂಗಿದ್ದು ಎಂತಕ್ಕೆ?"

"ನೀನು ಸತ್ತರೆ ನಾನು ಬೈಯುದು ಯಾರಿಗೆ?"

"ಹಾಗಾದ್ರೆ ಬೈ. ಹದಿನೈದು ತಿಂಗಳಿನದ್ದು ಉಂಟಲ್ಲಾ."

ಅವಳು ಬಾಯಿ ತೆರೆದಳು. ಜೋಪಾನವಾಗಿ ಕೂಡಿಟ್ಟ ಸಾವಿರ ಬೈಗುಳಗಳಲ್ಲಿ ಒಂದೂ ಬರಲಿಲ್ಲ.

"ಎಷ್ಟು ಬಡಕಲಾಗಿದ್ದೀ ಮಾರಾಯಾ..." ಎಂದಳು. ಅಷ್ಟೇ.

ಯಶೋಧರ ತನ್ನ ಗ್ರೀಸಿನ ಕೈಯನ್ನು ಅಂಗಿಗೆ ಉಜ್ಜಿ ಉಜ್ಜಿ, ಹೆದರುತ್ತಾ ಮುಂದೆ ಚಾಚಿದ.

"ತೆರೆಸಾ... ಮದುವೆ ಆಗುವಾ? ನಾಳೆ ಡೋಲ್ಫಿ ಬಾಪ್ಪುವಿನ ಹತ್ತಿರ ಕೇಳುವ. ನಾನು ಸೀದಾ ಅವರ ಮನೆಗೆ ಬರ್ತೇನೆ, ನೀನು ಅಲ್ಲಿ..."

"ಬೇಡ!" ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. "ನೀನು ಎಲ್ಲಿಗೂ ಬರುದು ಬೇಡ, ನಾನೂ ಬರುದು ಬೇಡ. ಇಲ್ಲಿಂದಲೇ, ಈಗಲೇ... ಒಟ್ಟಿಗೆ ಹೋಗುವ."