ಕಲ್ಲಿನಿಂದ ನಲವತ್ತೊಂದು ಹೆಜ್ಜೆ

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಮೆರ್ವಿನ್ ಎಂಬವರು ಠಾಣೆಗೆ ಬಂದು ದೂರು ಬರೆಸಿದರು. ಉಪ್ಪಳದ ಹತ್ತಿರ, ರೈಲು ಓಡುವುದು ನಿಂತ ಹಳೇ ಗೂಡ್ಸ್ ಹಳಿಯ ಜಾಗದಲ್ಲಿ ಮಾಡಿದ ಪಾರ್ಕು. ಅಲ್ಲಿ ನಸುಕಿನಲ್ಲಿ ನಡೆಯಲು ಹೋದ ಅವರ ತಾಯಿ, ನಿವೃತ್ತ ಟೀಚರ್ ಹಿಲ್ಡಾ, ಹೊಂಡಕ್ಕೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು.

“ಯಾರೋ ಅಗೆದದ್ದು ಸಾರ್. ಹತ್ತು ದಿನದಲ್ಲಿ ಇದು ನಾಲ್ಕನೆಯ ಹೊಂಡ. ಮೊದಲ ಮೂರನ್ನು ಪಾರ್ಕಿನವರು ಮುಚ್ಚಿ ಸುಮ್ಮನಾದರು. ದೂರು ಕೊಡಲಿಕ್ಕೆ ನಮ್ಮ ಮಮ್ಮಿಯೇ ಬೀಳಬೇಕಾಯ್ತು.”

ಇನ್ಸ್‌ಪೆಕ್ಟರ್ ಗಣೇಶಪ್ರಸಾದ ಎಫ್‌ಐಆರ್ ದಾಖಲಿಸಿ, ಎ.ಎಸ್.ಐ. ಸೌದಾಮಿನಿಯನ್ನು ಕರೆದುಕೊಂಡು ಎಂಟೂವರೆಗೆ ಸ್ಥಳಕ್ಕೆ ಹೋದರು. ಮುಚ್ಚಿದ ಮೂರೂ ಸೇರಿ ನಾಲ್ಕೂ ಹೊಂಡಗಳು ಒಂದೇ ಕಡೆ, ಒಂದಕ್ಕೊಂದು ತಾಗಿದ ಹಾಗೆ ಇದ್ದವು. ನಡುವೆ ‘ಇಲ್ಲಿ ಶೌಚಾಲಯ ನಿರ್ಮಾಣ’ ಎಂಬ ಬೋರ್ಡು. ಕೊನೆಯ ಹೊಂಡ ನಡೆಯುವ ದಾರಿಗೇ ಬಾಯಿ ಹಾಕಿತ್ತು.

“ನಿಧಿಯ ಹುಚ್ಚು,” ಎಂದರು ಇನ್ಸ್‌ಪೆಕ್ಟರ್.

ಸೌದಾಮಿನಿ ನೆಲಕ್ಕೆ ಬಗ್ಗಿದಳು. ಹೂಗಿಡಗಳಿಗೆ ನೀರು ಬಿಟ್ಟ ಕೆಂಪು ಮಣ್ಣಿನಲ್ಲಿ ಬರಿಗಾಲಿನ ಗುರುತುಗಳಿದ್ದವು. ಟೇಪು ಹಿಡಿದು ಅಳೆದಳು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ಎರಡು ಅಡಿ, ಮೇಲೆ ಒಂದಂಗುಲ. ಮೊದಲಿನದ್ದೂ ಅಷ್ಟೇ, ಕೊನೆಯದ್ದೂ ಅಷ್ಟೇ. ಮನುಷ್ಯ ಹಾಗೆ ನಡೆಯುವುದಿಲ್ಲ. ಆದರೆ ಸಣ್ಣವಳಿರುವಾಗ ಇದೇ ಹಳಿಯ ಮೇಲೆ ಶಾಲೆಗೆ ಹೋಗುತ್ತಿದ್ದವಳು ಆಕೆ. ಹಳಿಯಡಿಯ ಸ್ಲೀಪರ್ ಮೇಲೆ ನಡೆಯುವವನಿಗೆ ತನ್ನ ಹೆಜ್ಜೆ ಎಂಬುದಿಲ್ಲ, ಮರದ ತುಂಡು ಇಟ್ಟಲ್ಲಿ ಕಾಲು ಇಡಬೇಕು.

“ಸಾರ್, ಇವ ಲೈನಿನಲ್ಲಿ ಕೆಲಸ ಮಾಡಿದವ.”

ಗುರುತುಗಳು ಶುರುವಾದದ್ದು ಹಳೇ ಕಿಲೋಮೀಟರ್ ಕಲ್ಲಿನ ಬುಡದಿಂದ. ಅಲ್ಲಿಂದ ಹೊಂಡದವರೆಗೆ ಎಣಿಸಿದರೆ ನಲವತ್ತೊಂದು. ಪಾರ್ಕಿನ ಸೂಪರ್‌ವೈಸರ್ ಕುಶಲ್‌ನನ್ನು ಕರೆಸಿದರು.

“ಈ ಕಲ್ಲು ಮೊದಲೂ ಇಲ್ಲೇ ಇತ್ತಾ?”

“ಇಲ್ಲ ಮೇಡಂ. ಕ್ಯಾಂಟೀನಿಂದ ಆಚೆ ಕಾಡು ಹಿಡಿದು ಬಿದ್ದಿತ್ತು. ಕ್ರೇನಲ್ಲಿ ಎತ್ತಿ ಇಲ್ಲಿ ನಿಲ್ಲಿಸಿದ್ದು. ಫೋಟೊಕ್ಕೆ ಚಂದ ಕಾಣ್ತದಲ್ಲ.”

“ಆಚೆ ಅಂದ್ರೆ ಸರಿಯಾಗಿ ಎಲ್ಲಿ?”

“ಅದನ್ನು ಯಾರು ಅಳೆದಿಟ್ಟಿದ್ದಾರೆ ಮೇಡಂ?”

ಅಗೆದವನಿಗೆ ಕಲ್ಲು ಜಾಗ ಬಿಟ್ಟದ್ದು ಗೊತ್ತಿಲ್ಲ. ಅಂದರೆ ಪಾರ್ಕು ಆಗುವಾಗ ಅವನು ಊರಲ್ಲಿರಲಿಲ್ಲ. ಈ ಹಳಿ ನೋಡಿಕೊಳ್ಳುತ್ತಿದ್ದ ಹಳೇ ಗ್ಯಾಂಗ್‌ಮನ್‌ಗಳಲ್ಲಿ ಬದುಕಿದ್ದವರು ಇಬ್ಬರು. ಒಬ್ಬ ಹಾಸಿಗೆ ಹಿಡಿದು ವರ್ಷವಾಗಿತ್ತು. ಇನ್ನೊಬ್ಬ ಬಟ್ಯ, ಎಪ್ಪತ್ತಾರು ವರ್ಷ. ಪಿಂಚಣಿಯಾದ ಮೇಲೆ ದೇಲಂಪಾಡಿಗೆ ಹೋಗಿದ್ದವ, ಹದಿನೈದು ದಿನದ ಹಿಂದೆ ಹೆಂಡತಿ ಕಿನ್ನಿಯೊಂದಿಗೆ ಬಂದು ಪಾರ್ಕಿನ ಬೇಲಿಯಾಚೆ ತಂಗಿಯ ಮನೆಯಲ್ಲಿದ್ದ.

ಗುರುವಾರ ಸಂಜೆ ಐದಕ್ಕೆ ಸೌದಾಮಿನಿ ಸೀರೆಯುಟ್ಟು ಪಾರ್ಕಿನ ಬೆಂಚಿನಲ್ಲಿ ಕೂತಳು. ಶೂ ಹಾಕಿದವರು ಕೈ ಬೀಸಿಕೊಂಡು ಹೋದರು. ಐದೂ ಐವತ್ತಕ್ಕೆ ಒಬ್ಬ ಮುದುಕ ಕೈಚೀಲ ಹಿಡಿದು ಬಂದ. ಹೆಜ್ಜೆ ಗಿಡ್ಡ, ಎಲ್ಲವೂ ಒಂದೇ ಅಳತೆ, ಕಣ್ಣು ನೆಲದ ಮೇಲೆ. ಆಕೆ ಎದ್ದು ಹಿಂದೆಯೇ ನಡೆದಳು. ಬೋರ್ಡಿನ ಹತ್ತಿರ ಅವನು ನಿಂತ.

“ಎಂತ ಹುಡುಕುವುದು ಅಜ್ಜ?”

“ಪೊಲೀಸಾ ನೀವು?”

“ಹೌದು. ಈ ಹೊಂಡ ತೋಡಿದ್ದು ನೀವಾ?”

“ನಾನೇ. ಸೋಮವಾರ ಜೆಸಿಬಿ ಬರ್ತದಂತೆ. ಅಷ್ಟರೊಳಗೆ ಮಗುವನ್ನು ತೆಗೆಯಬೇಕು ಮೇಡಂ.”

ಅವನದೇ ಹೆಣ್ಣುಮಗು. ತೀರಿಕೊಂಡಾಗ ಹಲ್ಲು ಬಂದಿರಲಿಲ್ಲ, ಹಾಗಾಗಿ ಸುಡುವ ಕ್ರಮವಿಲ್ಲ. ನಲವತ್ತನಾಲ್ಕು ವರ್ಷದ ಹಿಂದೆ ಗ್ಯಾಂಗಿನ ಮೇಸ್ತ್ರಿಯ ಅಪ್ಪಣೆ ಕೇಳಿ ಹಳಿಯ ಬದಿಯಲ್ಲಿ ಮಣ್ಣು ಮಾಡಿದ್ದ. ಕಲ್ಲಿನಿಂದ ತೆಂಕಕ್ಕೆ ನಲವತ್ತೊಂದು ಸ್ಲೀಪರ್.

“ಅಲ್ಲಿ ಕಕ್ಕಸು ಕಟ್ತಾರೆ ಅಂತ ಕೇಳಿದ ಮೇಲೆ ಕಿನ್ನಿ ಅನ್ನ ಮುಟ್ಟುವುದಿಲ್ಲ.”

ಸೌದಾಮಿನಿ ಕಲ್ಲಿನ ಕಡೆ ತಿರುಗಿದಳು. ಹೇಳದೆ ಬೇರೆ ದಾರಿ ಇರಲಿಲ್ಲ.

“ಅಜ್ಜ, ಆ ಕಲ್ಲನ್ನು ಬೇರೆ ಕಡೆಯಿಂದ ತಂದು ಇಲ್ಲಿ ನಿಲ್ಲಿಸಿದ್ದು.”

“ಎಲ್ಲಿಂದ?”

“ಯಾರಿಗೂ ಸರಿಯಾಗಿ ಗೊತ್ತಿಲ್ಲ.”

ಮುದುಕ ಹೊಂಡ ಮುಚ್ಚಿದ ಹಸಿ ಮಣ್ಣನ್ನೇ ನೋಡಿದ. ಆಮೇಲೆ, “ಕಕ್ಕಸಿನ ಅಡಿಯಲ್ಲಿ ಅಲ್ವಲ್ಲ?” ಎಂದು ಕೇಳಿದ.

“ಅಲ್ಲ.”

“ಆ ಟೀಚರಮ್ಮ ಇನ್ನು ನಡೀತಾರಾ ಮೇಡಂ?”

“ಆಪರೇಶನ್ ಆಗಿದೆ. ನೋಡಬೇಕು.”

ಆರೂ ನಲವತ್ತಕ್ಕೆ ಬಂಧನ. ತಂಗಿಯ ಮನೆಯ ಹಿಂದಿನಿಂದ ಒಂದು ಹಾರೆ, ಒಂದು ಗುದ್ದಲಿ. ಕೈಚೀಲದಲ್ಲಿ ಒಂದೂವರೆ ಗಜ ಹೊಸ ಬಿಳಿ ಬಟ್ಟೆ, ಮಡಿಕೆ ಬಿಚ್ಚಿರಲಿಲ್ಲ. ಮಹಜರಿನಲ್ಲಿ ಬಟ್ಟೆಯ ಸರದಿ ಬಂದಾಗ ಇನ್ಸ್‌ಪೆಕ್ಟರ್, “ಅದು ಬೇಡ, ಮನೆಯವರಿಗೆ ಕೊಡಿ” ಎಂದರು.

ಠಾಣೆಯ ಜಗಲಿಯಲ್ಲಿ ಕಿನ್ನಿ ಕೂತಿದ್ದಳು. ಸೌದಾಮಿನಿ ಬಟ್ಟೆ ಕೊಡಲು ಹೋದರೆ ಅವಳ ಕೈ ಮುಂದೆ ಬರಲಿಲ್ಲ.

“ಅದು ಮಗುವಿಗೆ ತಂದದ್ದಲ್ವಾ? ನಾನು ಕೊಂಡುಹೋಗಿ ಎಂತ ಮಾಡುವುದು?”

ಬಟ್ಟೆ ಮತ್ತೆ ಮೇಜಿನ ಮೇಲೆ ಬಂತು. ಸೌದಾಮಿನಿ ಅದನ್ನು ಬದಿಗೆ ಸರಿಸಿ ಕೇಸ್ ಡೈರಿ ಬಿಡಿಸಿದಳು. ಕೃತ್ಯಕ್ಕೆ ಕಾರಣ ಎಂಬಲ್ಲಿ, ‘ಮಗಳನ್ನು ಬೇರೆ ಕಡೆ ಮಲಗಿಸಲು’ ಎಂದು ಬರೆದಳು.