ಕರಿ ಬಾವುಟ

ಗಾಳದ ಸ್ಪರ್ಧೆಯ ತೀರ್ಪುಗಾರ ಮೀನಿನ ಬೆನ್ನು ಒರೆಸಿದ. ಬಿಳಿ ಬಟ್ಟೆ ಕಪ್ಪಾಯಿತು.

ಕ್ಯಾಪ್ಟನ್ ಬಗ್ಗಿ ನೋಡಿದ. ನಿನ್ನೆ ತಾನೇ ಗಾಳದಲ್ಲಿ ಹಿಡಿದು, ತೂಕದ ವೇಳೆ ಮೀರಿತ್ತೆಂದು ಕ್ಲಬ್ಬಿನ ಐಸ್ ರೂಮಿನಲ್ಲಿಟ್ಟಿದ್ದ ಚುಕ್ಕಿ ಅಂಜಲ್ ಇದಲ್ಲ! ಇದು ಅದರ ದಾಯಾದಿ, ರಾಜ ಅಂಜಲ್. ಎಳೆಯದರಲ್ಲಿ ಅದಕ್ಕೂ ಮೈತುಂಬ ಚುಕ್ಕಿ. ಸ್ಪರ್ಧೆ ಇದ್ದದ್ದು ಚುಕ್ಕಿ ಅಂಜಲ್‌ಗೆ ಮಾತ್ರ.

"ರೆಕ್ಕೆಗೆ ಬೂಟ್ ಪಾಲಿಶ್. ನೀವೂ ಹೀಗೆ ಮಾಡೋದಾ, ಕ್ಯಾಪ್ಟನ್?" ತೀರ್ಪುಗಾರ ಕೇಳಿದ.

ಮೋಸಗಾರ ಎನಿಸಿಕೊಂಡರೆ ಅವನ ಬಾಡಿಗೆ ದೋಣಿಯನ್ನು ಯಾರು ಹತ್ತುತ್ತಾರೆ? ಕ್ಲಬ್ಬಿನ ಅಧ್ಯಕ್ಷೆ, ನಿವೃತ್ತ ಇನ್ಸ್‌ಪೆಕ್ಟರ್ ಮೇಡಂ, ಬಾಗಿಲು ಹಾಕಿಸಿದರು. ಮೊದಲ ಪ್ರಶ್ನೆ ಕಾವಲುಗಾರನಿಗೆ.

"ರಾತ್ರಿ ಒಳಗೆ ಯಾರ್ಯಾರು ಹೋಗಿದ್ರು?"

"ಇಬ್ಬರೇ ಮೇಡಂ. ಹಲ್ಲಿನ ಡಾಕ್ಟ್ರು ತಮ್ಮ ಮೀನಿಡೋಕೆ. ಕ್ಯಾಪ್ಟನ್ ಅವ್ರ ತಮ್ಮ ಐಸ್ ತುಂಬೋಕೆ."

ಎಲ್ಲರ ಕಣ್ಣೂ ಡಾಕ್ಟರ ಫಳಫಳ ಹೊಳೆಯುವ ಬೂಟಿನ ಮೇಲೆ. ಈಗ ಮೊದಲ ಬಹುಮಾನ ಅವರದೇ.

"ಬೂಟು ಹೊಳೆದ್ರೆ ಕಳ್ಳನಾ?" ಡಾಕ್ಟರು ನಕ್ಕರು. "ನನಗೆ ಹಲ್ಲು ಬಿಟ್ರೆ ಏನೂ ಗೊತ್ತಿಲ್ಲ. ಚುಕ್ಕಿ ಇದ್ರೆ ಚುಕ್ಕಿ ಅಂಜಲ್, ಅಷ್ಟೇ."

ಮೇಡಂ ತಮ್ಮನತ್ತ ತಿರುಗಿದರು. "ನೀನು?"

"ಅಣ್ಣನ ಮೀನು ನಾನ್ಯಾಕೆ ಮುಟ್ಲಿ?"

"ಅವನನ್ನ ಬಿಡಿ ಮೇಡಂ," ಕ್ಯಾಪ್ಟನ್ ಗದರಿದ. "ನಾನು ಎತ್ತಿ ಆಡಿಸಿದೋನು."

"ಸರಿ. ಈ ಎರಡು ಮೀನನ್ನ ನೀವು ಹೇಗೆ ಗುರುತಿಸ್ತೀರಿ?"

"ಪಕ್ಕೆಯ ಗೆರೆಯಿಂದ. ಚುಕ್ಕೀದು ಬಾಲದ ತನಕ ನಿಧಾನಕ್ಕೆ ಇಳಿಯುತ್ತೆ. ರಾಜನದು ನಡುವೆ ದಬಕ್ಕನೆ ಬೀಳುತ್ತೆ."

"ಬಣ್ಣ ಬಳಿದು ಅದನ್ನ ಬದಲಾಯಿಸಬಹುದಾ?"

"ಸಾಧ್ಯವೇ ಇಲ್ಲ."

"ಹಾಗಾದ್ರೆ ಗೆರೆ ಬಲ್ಲ ನೀವು ಪಾಲಿಶ್ ಬಳಿಯೋ ದಡ್ಡತನ ಮಾಡಲ್ಲ. ಬರೀ ಚುಕ್ಕಿ ನೋಡೋ ಡಾಕ್ಟರಿಗೆ ಬಳಿಯಬೇಕು ಅಂತ ಹೊಳೆಯೋದೇ ಇಲ್ಲ. ಚುಕ್ಕಿ ಅಂಜಲ್ ಬೆನ್ನಿನ ರೆಕ್ಕೆಯ ಮುಂಭಾಗ ಕಪ್ಪು, ರಾಜನದಲ್ಲ. ನಾವೆಲ್ಲ ನೋಡಿದ್ದು ಬಣ್ಣವನ್ನ. ಅದನ್ನ ಎಲ್ಲಿ ಬಳಿದಿದ್ದಾರೆ ಅಂತ ಯಾರೂ ಯೋಚಿಸಲಿಲ್ಲ. ಹೇಳಿ — ರೆಕ್ಕೆ ನೋಡಿ ಗುರುತಿಸೋರು ಯಾರು?"

ಕ್ಯಾಪ್ಟನ್‌ಗೆ ತಟ್ಟನೆ ನೆನಪಾಯಿತು.

ತಮ್ಮನದು ಮಂದ ದೃಷ್ಟಿ. ಸಮುದ್ರದ ಹನಿ ಹಾರಿ ಕನ್ನಡಕ ಮಸುಕಾದರೆ ತೆಳ್ಳನೆ ಗೆರೆ ಕಾಣದು. ಅದಕ್ಕೇ ತಾನು ಅವನಿಗೊಂದು ಸುಲಭದ ಗುರುತು ಹೇಳಿಕೊಟ್ಟಿದ್ದ: ಬೆನ್ನ ಮೇಲೆ ಕರಿ ಬಾವುಟ ಹಾರಿಸಿದ್ರೆ ಚುಕ್ಕಿ ಕಣೋ. ಒಂದೇ ದೋಣಿಯ ಇಬ್ಬರ ನಡುವಿನ ಮಾತು.

"ಕರಿ ಬಾವುಟ," ಎಂದ, ತಮ್ಮನನ್ನೇ ನೋಡುತ್ತ.

ತಮ್ಮನ ತಲೆ ತಗ್ಗಿತು.

"ಡಾಕ್ಟ್ರು ಹೊಸ ದೋಣಿಗೆ ನನ್ನನ್ನೇ ಕ್ಯಾಪ್ಟನ್ ಮಾಡ್ತೀನಿ ಅಂದ್ರು. ನಿನ್ನ ಮೀನು ಅವರ ಪೆಟ್ಟಿಗೆಗೆ, ಅವರ ರಾಜ ಅಂಜಲ್ ನಿನ್ನ ಪೆಟ್ಟಿಗೆಗೆ ಹಾಕಿದೆ. ಬಣ್ಣ ಹಚ್ಚಿದ್ದು ನಿನಗೋಸ್ಕರ ಅಣ್ಣ. ಇದನ್ನೂ ಚುಕ್ಕಿ ಅಂದ್ಕೊಂಡು ನಿನಗೆ ಎರಡನೇ ಸ್ಥಾನ ಕೊಡ್ತಾರೆ ಅಂತ…"

"ನನಗೋಸ್ಕರ."

ಡಾಕ್ಟರ ನಗು ಮಾಯವಾಗಿತ್ತು. ಮೇಡಂ ಅವರ ಪೆಟ್ಟಿಗೆ ತೆಗೆಸಿದರು. ಆ ಮೀನಿನ ಗೆರೆ ತಲೆಯಿಂದ ಬಾಲದ ತನಕ ನಿಧಾನವಾಗಿ ಇಳಿದಿತ್ತು.

ಕ್ಯಾಪ್ಟನ್ ಅದನ್ನು ಮುಟ್ಟಲಿಲ್ಲ. ತಮ್ಮನ ಮುಂದೆ ಅಂಗೈ ಚಾಚಿದ. "ದೋಣಿ ಕೀಲಿ ಕೊಡು."

ತಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ಕೀಲಿ ಹಿಡಿದ ಅವನ ಕೈ ಅಣ್ಣನ ಅಂಗೈ ಕಾಣದೆ ಪಕ್ಕಕ್ಕೆ ಹೋಯಿತು. ಹಳೇ ರೂಢಿ, ಕ್ಯಾಪ್ಟನ್ ಕೈ ತಾನಾಗಿಯೇ ಅತ್ತ ಸರಿದು ಕೀಲಿ ಹಿಡಿದುಕೊಂಡಿತು.