ನವೆಂಬರ್ ಇಪ್ಪತ್ತೆಂಟರ ಮೂವತ್ತೊಂದು ಸಹಿಗಳು

2017ರ ಫೆಬ್ರವರಿ 7, ಮಂಗಳವಾರ. ಬೆಳಿಗ್ಗೆ 9.20ಕ್ಕೆ ಪೆನ್ಸಿಲ್ವೇನಿಯಾದ ಕೆಟಲ್ ಫೋರ್ಕ್ ಠಾಣೆಯೊಳಗೆ ವಾಂಡಾ ಹ್ರುಬೊವ್‌ಚಾಕ್ ಬಂದಾಗ ಕೋಟಿನ ಗುಂಡಿಗಳು ತಪ್ಪು ತೂತುಗಳಲ್ಲಿದ್ದವು. ಸ್ಟ್ರಿಕ್ಲರ್ ತಗಡಿನ ಡಬ್ಬಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಯಂತ್ರ ನಡೆಸುವವಳು. 

"ಎದೇಲಿ ಗಂಟು ಸಿಕ್ಕಿದೆ, ಸಾರ್ಜೆಂಟ್. ಶುಕ್ರವಾರ ಪರೀಕ್ಷೆ. ವಿಮೆ ಇಲ್ಲ ಅಂದ್ರೆ ಆಸ್ಪತ್ರೆಯವ್ರು ಆ ದಿನ ಬೇರೆಯವ್ರಿಗೆ ಕೊಡ್ತಾರಂತೆ."

"ಕಾರ್ಖಾನೆ ವಿಮೆ ಇದೆಯಲ್ಲ?" ಸಾರ್ಜೆಂಟ್ ಲೀಲೆಂಡ್ ಬ್ರೌಟಿಗಮ್ ಕೇಳಿದ.

"ಸೇರಿಸ್ಕೊಳ್ಳಿ ಅಂತ ಕಾರ್ಖಾನೆ ಆಫೀಸಲ್ಲಿ ಕೇಳ್ದೆ. 'ನೀನೇ ಬೇಡ ಅಂತ ಸಹಿ ಹಾಕಿದ್ದೀಯ, ಇನ್ನು ಮುಂದಿನ ವರ್ಷವೇ' ಅಂದ್ರು. ಆ ಕಾಗದ ನಾನು ಕಣ್ಣಲ್ಲೇ ನೋಡಿಲ್ಲ."

ನಕಲಿ ಸಹಿಯ ದೂರು ದಾಖಲಾಯಿತು.

11.40ಕ್ಕೆ ಬ್ರೌಟಿಗಮ್ ಮತ್ತು ಕಾನ್‌ಸ್ಟೆಬಲ್ ಟೆಸ್ ಮಾರ್ಕ್ವಾರ್ಟ್ ಕಾರ್ಖಾನೆ ಹೊಕ್ಕರು. ಕೆಲಸಗಾರರು ಯಾರೂ ತಲೆಯೆತ್ತಲಿಲ್ಲ.

"ವಿಮೆ ಬೇಡ ಅಂತ ಬರೆದುಕೊಟ್ರಾ?" ಟೆಸ್ ಒಬ್ಬನನ್ನು ಕೇಳಿದಳು.

"ನನ್ನನ್ನೇನೂ ಕೇಳ್ಬೇಡಿ ತಾಯಿ. ಮೇಲಿನ ಕಿಟಕೀಲಿ ನೋಡ್ತಿದ್ದಾರೆ."

ಕಿಟಕಿಯ ಹಿಂದೆ ಮಾಲೀಕ ಡ್ವೈಟ್ ಸ್ಟ್ರಿಕ್ಲರ್ ಇದ್ದ. ಕಾರ್ಖಾನೆಯ ವಿಮಾ ಯೋಜನೆಯಲ್ಲಿ ಕಂತನ್ನು ತೆರಿಗೆಗೆ ಮೊದಲೇ ಸಂಬಳದಿಂದ ಹಿಡಿಯುತ್ತಾರೆ, ಅಷ್ಟು ತೆರಿಗೆ ಉಳಿಯುತ್ತದೆ. ಆ ಅನುಕೂಲ ದೊಡ್ಡವರಿಗಷ್ಟೇ ಸಿಗಬಾರದು, ಕೆಳಗಿನವರಿಗೂ ಕೊಡಬೇಕು ಎನ್ನುವುದು ಕಾನೂನು. ಯೋಜನೆಯಲ್ಲಿ ಇದ್ದವರು ಸ್ಟ್ರಿಕ್ಲರ್, ಅವನ ಇಬ್ಬರು ಮಕ್ಕಳು, ಕಳೆದ ತಿಂಗಳಷ್ಟೇ, ಜನವರಿಯಲ್ಲಿ, ಫ್ಲೋರಿಡಾದಿಂದ ಬಂದ ಗುಮಾಸ್ತೆ ಮಾರ್ಸಿ ಡೆಲಿಂಜರ್. ಅಷ್ಟೇ.

"ಎಲ್ಲರನ್ನೂ ಕೇಳಿದ್ವಿ. ಅವ್ರೇ ಒಲ್ಲೆ ಅಂದ್ರು," ಎಂದು ಸ್ಟ್ರಿಕ್ಲರ್ ಮೇಲಿನ ಕಚೇರಿಯಲ್ಲಿ ಅವರತ್ತ ಕಡತ ತಳ್ಳಿದ. "ನಮ್ಮ ಕಾರ್ಖಾನೆ ಒಂದು ಕುಟುಂಬ ಕಣ್ರೀ!"

"ಅದಕ್ಕೇ ವಿಮೆ ನಿಮ್ಮ ಕುಟುಂಬಕ್ಕೆ ಮಾತ್ರ," ಟೆಸ್ ಅವನದೇ ಗಡಸು ದನಿಯಲ್ಲಿ ಗೊಣಗಿದಳು. 

ಬ್ರೌಟಿಗಮ್ ಒಂದೊಂದೇ ಹಾಳೆ ತಿರುವಿದ. ಮೂವತ್ತೊಂದು ನಿರಾಕರಣೆ, ಮೂವತ್ತೊಂದು ಸಹಿ, ಒಂದೇ ತಾರೀಖು.

"ಇವೆಲ್ಲ ನವೆಂಬರ್ 28ರಂದು ಇಲ್ಲೇ ಬರೆಸಿದ್ದಾ?"

"ಹೌದು. ಸೋಮವಾರ. ಎಲ್ಲರೂ ಕೆಲಸಕ್ಕೆ ಬಂದಿದ್ರಂತೆ," ಪಕ್ಕದ ಮೇಜಿನಿಂದ ಮಾರ್ಸಿ ಹೇಳಿದಳು.

ಬ್ರೌಟಿಗಮ್ ಮಾಲೀಕನತ್ತ ತಿರುಗಿದ. "ಡ್ವೈಟ್, ಅವತ್ತು ಜಿಂಕೆ ಬೇಟೆಯ ಮೊದಲ ದಿನ. ಶಾಲೆಗೂ ಬೀಗ, ಈ ಕಾರ್ಖಾನೆಗೂ ಬೀಗ. ನೀನು ಜಿಂಕೆಗೆ ಹೊಂಚು ಹಾಕಿ ಕೂತಿದ್ದ ಮರದ ಪಕ್ಕದ ಮರದಲ್ಲಿ ಕೂತಿದ್ದವನು ನಾನು."

ಸ್ಟ್ರಿಕ್ಲರ್ ಕಡತ ವಾಪಸು ಎಳೆದುಕೊಳ್ಳಲು ಕೈ ಚಾಚಿದ. 

ಕೋರ್ಟಿನ ಅನುಮತಿ ಬಂದ ಮೇಲೆ, 3.15ಕ್ಕೆ, ಇಬ್ಬರು ಸಾಕ್ಷಿಗಳ ಎದುರು ಕಚೇರಿಯ ಶೋಧ ನಡೆಯಿತು. ಮಾರ್ಸಿಯ ಮೇಜಿನ ಒಳಗೆ ವಾಂಡಾಳ ಹೆಸರನ್ನು ನಲವತ್ತು ಸಲ ಬರೆದು ಕೈ ಪಳಗಿಸಿಕೊಂಡ ಹಾಳೆ ಸಿಕ್ಕಿತು.

"ಯಾರು ಹೇಳಿದ್ರು?" ಬ್ರೌಟಿಗಮ್ ಮಾರ್ಸಿಯನ್ನು ಕೇಳಿದ.

"ತೆರಿಗೆ ತಪಾಸಣೆಯವ್ರು ಎಲ್ಲರಿಗೂ ವಿಮೆ ಕೊಡೋಕೆ ಕೇಳಿದ್ದಕ್ಕೆ ಪುರಾವೆ ಕೇಳಿದ್ರು. ನೀನೇ ಸಹಿ ಹಾಕು, ಇಲ್ದಿದ್ರೆ ಯೋಜನೇನೇ ಮುಚ್ತೀನಿ, ನಿನ್ನ ವಿಮೇನೂ ಹೋಗುತ್ತೆ ಅಂದ್ರು ಯಜಮಾನ್ರು. ಹಳೇ ತಾರೀಖು ಹಾಕು ಅಂದ್ರು. ಕ್ಯಾಲೆಂಡರ್‌ನಲ್ಲಿ ಅದು ಬರೀ ಸೋಮವಾರ ಸರ್. ಇಲ್ಲಿಯವ್ರ ಬೇಟೆ ನಂಗೇನ್ ಗೊತ್ತು?" ಅವಳು ಮೇಜಿನ ಮೇಲಿದ್ದ ಮಗನ ಚಿತ್ರವನ್ನು ಅವನತ್ತ ತಿರುಗಿಸಿದಳು. "ನನ್ ಮಗನಿಗೆ ಮೂರ್ಛೆ ರೋಗ. ಔಷಧಿ ಒಂದು ದಿನ ತಪ್ಪಿದ್ರೆ ನೆಲಕ್ಕೆ ಬೀಳ್ತಾನೆ."

ಸಂಜೆ 4.10ಕ್ಕೆ ಮಾರ್ಸಿಯನ್ನೂ, 4.25ಕ್ಕೆ ಸ್ಟ್ರಿಕ್ಲರ್‌ನನ್ನೂ ಬಂಧಿಸಲಾಯಿತು. ನಿರಾಕರಣೆಗಳು ನಕಲಿ ಎಂದು ತಿಳಿದು, ಗುರುವಾರ ವಿಮಾ ಕಂಪನಿ ಮೂವತ್ತೊಂದು ಜನರನ್ನೂ ಜನವರಿಯಿಂದಲೇ ಅನ್ವಯವಾಗುವಂತೆ ಸೇರಿಸಿಕೊಂಡಿತು.

ಶುಕ್ರವಾರ 7.30ಕ್ಕೆ ಆಸ್ಪತ್ರೆಯ ದಾರಿಯಲ್ಲಿ ವಾಂಡಾ ಠಾಣೆಗೆ ಬಂದಳು. ಗುಂಡಿಗಳು ಇಂದೂ ತಪ್ಪು ತೂತಿನಲ್ಲೇ ಇದ್ದವು.

"ಮಾರ್ಸಿ ಮಗನ ಔಷಧಿ?"

"ಕೆಲಸ ಹೋದ್ರೂ ತಿಂಗಳ ಕೊನೇವರೆಗೂ ಅವಳ ವಿಮೆ ಇರುತ್ತಂತೆ."

"ಆಮೇಲೆ?"

ಬ್ರೌಟಿಗಮ್ ಎದ್ದು ಬಾಗಿಲು ತೆರೆದು ಹಿಡಿದ. "ಹೊರಡಿ ವಾಂಡಾ. ನಿಮಗೆ ಹೊತ್ತಾಗುತ್ತೆ."